ಅರ್ಧಕ್ಕೆ ನಿಂತ ಜೋಗುಳ

ಡೊಂಬಿವಲಿ ಪೂರ್ವದ ಆ ಚಾಳಿನಲ್ಲಿ ನಮಗೆ ಎರಡು ಕೋಣೆಗಳಿದ್ದವು. ಹೊರಗಿನದರಲ್ಲಿ ಒಂದು ಮಂಚ, ಒಂದು ಕಬ್ಬಿಣದ ಕಪಾಟು, ಗೋಡೆಗೆ ಒರಗಿಸಿಟ್ಟ ಎರಡು ಮಡಚುವ ಕುರ್ಚಿ. ಒಳಗಿನದು ಅಡುಗೆಮನೆ, ಅದರ ಮೂಲೆಯಲ್ಲಿ ಮೊಣಕಾಲೆತ್ತರದ ಕಟ್ಟೆ ಕಟ್ಟಿದ ಮೋರಿ. ಪಾತ್ರೆ ತೊಳೆಯುವುದೂ ಸ್ನಾನ ಮಾಡುವುದೂ ಅಲ್ಲೇ. ಈ ಎರಡು ಕೋಣೆಗಳಲ್ಲಿ ಆರು ಜನ. ಅಪ್ಪ ಥಾಣೆ ಸ್ಟೇಷನ್ನಿನ ಹತ್ತಿರದ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ನಾನು ಏಳುವ ಮೊದಲೇ ಹೋಗಿರುತ್ತಿದ್ದರು. ಅವರ ತಮ್ಮ, ನನ್ನ ಚಿಕ್ಕಪ್ಪ, ಭಿವಂಡಿಯ ಮಗ್ಗದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ದಿನವಿಡೀ ಮಗ್ಗಗಳ ಸದ್ದಿನಲ್ಲಿದ್ದು ಬಂದವರಿಗೆ ಮನೆಯಲ್ಲೂ ಮೆಲ್ಲಗೆ ಮಾತನಾಡಲು ಬರುತ್ತಿರಲಿಲ್ಲ. ಅಪ್ಪನ ತಾಯಿ, ನನ್ನ ಅಜ್ಜಿ. ಅಮ್ಮ. ನಾನು. ನನಗೆ ಒಂಬತ್ತು ವರ್ಷವಾಗಿದ್ದಾಗ ಚಿಕ್ಕಪ್ಪ ಕಾರ್ಕಳದಿಂದ ಮದುವೆ ಮಾಡಿಕೊಂಡು ತಂದ ಸುಜಾತ ಚಿಕ್ಕಮ್ಮ. ಆಮೇಲೆ ಅಡುಗೆಮನೆ ಅವರಿಬ್ಬರ ಮಲಗುವ ಕೋಣೆಯಾಯಿತು. ಬೆಳಿಗ್ಗೆ ನೀರು ಬರುವ ಹೊತ್ತಿಗೆ ಅಮ್ಮ ಬಾಗಿಲ ಹೊರಗೆ ನಿಂತು ಬಳೆ ಸದ್ದು ಮಾಡುತ್ತಿದ್ದಳು, ಒಳಗಿನವರು ಏಳಲಿ ಎಂದು. ಕೆಲವು ದಿನ ಆ ಬಳೆಯ ಸದ್ದಿನಲ್ಲಿ ಸಿಟ್ಟಿರುತ್ತಿತ್ತು. ಕೊಡ ತುಂಬುವಷ್ಟರಲ್ಲಿ ನೀರು ನಿಂತರೆ ಆ ಸಿಟ್ಟು ಮಾತಾಗುತ್ತಿತ್ತು.

ಚಿಕ್ಕಪ್ಪ ಮದುವೆಗೆಂದು ಊರಿಗೆ ಹೋದವರು ಒಂದು ಟೇಪ್ ರೆಕಾರ್ಡರನ್ನೂ ಒಂದು ಕ್ಯಾಸೆಟ್ಟನ್ನೂ ತಂದಿದ್ದರು. ಕ್ಯಾಸೆಟ್ ಕಂಪನಿಯದಲ್ಲ. ಉಡುಪಿ ಬಸ್‌ಸ್ಟ್ಯಾಂಡಿನ ಎದುರು ಒಂದು ಅಂಗಡಿಯಿತ್ತಂತೆ; ಬೇಕಾದ ಹಾಡುಗಳನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಅಂಗಡಿಯವನು ಅವನ್ನೇ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಡುತ್ತಿದ್ದ. ಚಿಕ್ಕಪ್ಪ ಬರೆದುಕೊಟ್ಟದ್ದು ಹದಿಮೂರು. ಎರಡನೇ ಬದಿಯ ಕೊನೆಯಲ್ಲಿ ಸ್ವಲ್ಪ ಜಾಗ ಉಳಿಯಿತೆಂದು ಅಂಗಡಿಯವನು ತಾನೇ ಇನ್ನೊಂದನ್ನು ಹಾಕಿದ್ದ. ರಟ್ಟಿನ ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ ಹದಿಮೂರು ಹಾಡುಗಳ ಮೊದಲ ಸಾಲುಗಳು, ಹದಿನಾಲ್ಕನೆಯದಕ್ಕೆ ಒಂದೇ ಪದ: ಜೋಗುಳ. ಯಾವ ಸಿನಿಮಾ, ಯಾರು ಹಾಡಿದ್ದು, ಏನೂ ಇಲ್ಲ. ಯಾರೂ ಕೇಳದೆ ನಮ್ಮ ಮನೆಗೆ ಬಂದ ಆ ಹಾಡೇ ನನ್ನ ಜೀವನದ ಅತ್ಯಂತ ಇಷ್ಟದ ಹಾಡಾಯಿತು. ಇವತ್ತೂ ಅದೇ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಬರೆಯುವುದನ್ನು ಓದಿದವರು ನಾನು ಅದನ್ನು ದ್ವೇಷಿಸುತ್ತೇನೆಂದು ತಿಳಿಯಬಹುದು.

ಹಾಡು ಶುರುವಾಗುವುದು ಮರಕ್ಕೆ ಮರ ತಾಗುವ ಸದ್ದಿನಿಂದ. ತೊಟ್ಟಿಲ ಕೀಲಿನ ಸದ್ದು. ಅದು ನಾಲ್ಕು ಸಲ ಕೇಳಿದ ಮೇಲೆ ಕೊಳಲು, ಬಹಳ ಕೆಳಗಿನ ಸ್ವರದಲ್ಲಿ. ಆಮೇಲೆ ಹೆಣ್ಣಿನ ದನಿ. ದೀಪವೇ ಸಣ್ಣಗಾಗು, ಹೊಳೆಯೇ ನಿಧಾನ ಹರಿ, ಮಾಡಿನ ಮೇಲಿನ ಕಾಗೆಯೇ ಪಕ್ಕದ ಮನೆಗೆ ಹೋಗು ಎಂದು ಒಬ್ಬೊಬ್ಬರಿಗೂ ಕೆಲಸ ಹೇಳುವ ಹಾಗೆ ಹಾಡುತ್ತಾಳೆ. ಆ ದನಿಯಲ್ಲಿ ಅಲಂಕಾರವೇ ಇಲ್ಲ. ಎರಡನೇ ಚರಣಕ್ಕೆ ಅವಳು ಅರ್ಧ ತಾಳ ತಡವಾಗಿ ಬರುತ್ತಾಳೆ, ಮಗುವಿನ ಹೊದಿಕೆ ಸರಿ ಮಾಡಿ ಬಂದವಳ ಹಾಗೆ. ಅಲ್ಲಿ ಒಂದು ಉಸಿರು ಕೇಳುತ್ತದೆ. ಆ ಉಸಿರಿಗಾಗಿ ನಾನು ಟೇಪ್ ರೆಕಾರ್ಡರ್ ಇಟ್ಟಿದ್ದ ಕಪಾಟಿಗೆ ಕಿವಿಯಿಟ್ಟು ಕಾಯುತ್ತಿದ್ದೆ. ಕೊನೆಯ ಪಲ್ಲವಿಯ ಎರಡನೇ ಸಾಲಿನ ನಡುವೆ ಟಪ್ಪೆಂದು ಕ್ಯಾಸೆಟ್ ಮುಗಿಯುತ್ತಿತ್ತು. ಅಂಗಡಿಯವನ ಲೆಕ್ಕ ತಪ್ಪಿ ಹಾಡಿನ ಕೊನೆ ಹಿಡಿದಿರಲಿಲ್ಲ. ನನಗೆ ಅದು ಗೊತ್ತಿರಲಿಲ್ಲ. ಮಗು ಮಲಗಿತು, ಅದಕ್ಕೇ ಅವಳು ನಡುವೆಯೇ ನಿಲ್ಲಿಸಿದಳು ಎಂದುಕೊಂಡಿದ್ದೆ. ನಾನು ಹಾಡುವಾಗಲೂ ಸರಿಯಾಗಿ ಅಲ್ಲೇ ನಿಲ್ಲಿಸುತ್ತಿದ್ದೆ.

ನಮ್ಮ ಮನೆಯ ಮಾತು ತುಳು. ಶಾಲೆ ಮರಾಠಿ. ಕನ್ನಡ ಬರುತ್ತಿದ್ದದ್ದು ಊರಿನ ಕಾಗದಗಳಲ್ಲಿ ಮತ್ತು ಈ ಕ್ಯಾಸೆಟ್ಟಿನಲ್ಲಿ. ಅಮ್ಮ ಕಾಗದ ಓದಿಸಿ ಕನ್ನಡ ಕಲಿಸಿದಳು. ಹಾಡನ್ನು ನಾನೇ ಕಲಿತೆ, ದೇವನಾಗರಿಯಲ್ಲಿ ಬರೆದುಕೊಂಡು. ಹಾಡುಗಳಿಗೆ ಸಿನಿಮಾ ಎಂಬುದೊಂದು ಇರುತ್ತದೆಂದು ಗೊತ್ತಿತ್ತು, ಆದರೆ ಕನ್ನಡ ಸಿನಿಮಾ ನಾನು ಒಂದೂ ನೋಡಿರಲಿಲ್ಲ. ಒಮ್ಮೆ ಚಪಾತಿ ಲಟ್ಟಿಸುತ್ತಿದ್ದ ಚಿಕ್ಕಮ್ಮನನ್ನು ಕೇಳಿದ್ದೆ.

"ಇದು ಯಾವ ಪಿಕ್ಚರಿನದು?"

"ಎಂತದೋ ಹಳೆಯದು ಮಾರಾಯ್ತಿ. ನಿನಗೆ ಹಾಡು ಸಾಕಲ್ಲ?"

ಅವಳು ಬೆನ್ನು ತಿರುಗಿಸಿಕೊಂಡೇ ಹೇಳಿದಳು. ಲಟ್ಟಣಿಗೆ ನಿಂತಿರಲಿಲ್ಲ. ನಾನು ನೋಡಿದ್ದು ಇಷ್ಟು.

ಮರುವರ್ಷ ಚಿಕ್ಕಮ್ಮ ಬಸುರಿಯಾದಳು. ಏಳನೇ ತಿಂಗಳಿಗೆ ಸೀಮಂತ; ನಮ್ಮ ಕಡೆ ಬಯಕೆ ಅನ್ನುತ್ತೇವೆ. ಅದಾದ ಮೇಲೆ ಹೆರಿಗೆಗೆ ತವರಿಗೆ ಹೋಗುವುದು ಪದ್ಧತಿ. ಚಿಕ್ಕಮ್ಮನಿಗೆ ತಾಯಿ ಇರಲಿಲ್ಲ, ಸಾಕಿದವರು ದೊಡ್ಡಮ್ಮ. ಕರೆದುಕೊಂಡು ಹೋಗಲು ಅವರೇ ಕಾರ್ಕಳದಿಂದ ಬಂದರು, ಒಂದು ಹಗಲು ಒಂದು ರಾತ್ರಿ ಬಸ್ಸಿನಲ್ಲಿ ಕೂತು, ಒದ್ದೆ ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆಯ ಚೆಂಡನ್ನು ಮಡಿಲಲ್ಲಿಟ್ಟುಕೊಂಡು. ಎರಡು ದಿನ ಮೊದಲಿನಿಂದ ಅಮ್ಮ ಹಿಟ್ಟು ಹುರಿಯುತ್ತಿದ್ದಳು, ಪಾಕ ಮಾಡುತ್ತಿದ್ದಳು. ನೀರಿನ ಕೊಡದ ಜಗಳಗಳೆಲ್ಲ ಆ ಎರಡು ದಿನ ನಿಂತಿದ್ದವು. ಚಿಕ್ಕಮ್ಮ ಮಾತು ಕಡಿಮೆ ಮಾಡಿದ್ದಳು. ಬಸುರಿಗೆ ಆಯಾಸ ಎಂದು ಎಲ್ಲರೂ ಅಂದುಕೊಂಡರು.

ಭಾನುವಾರ ಬೆಳಿಗ್ಗೆ ಮಂಚವನ್ನು ಗ್ಯಾಲರಿಗೆ ಸಾಗಿಸಿ ಹೊರಗಿನ ಕೋಣೆಯಲ್ಲಿ ಜಮಖಾನ ಹಾಸಿದರು. ಹಸಿರು ಸೀರೆ, ಮೊಣಕೈವರೆಗೆ ಹಸಿರು ಬಳೆ, ಜಡೆ ಮುಚ್ಚುವಷ್ಟು ಮಲ್ಲಿಗೆ. ಚಿಕ್ಕಮ್ಮ ಮಣೆಯ ಮೇಲೆ ಕೂತಿದ್ದಳು. ಚಾಳಿನ ಹೆಂಗಸರೆಲ್ಲ ಬಂದಿದ್ದರು. ಮರಾಠಿಯವರಲ್ಲಿ ಇದಕ್ಕೆಂದೇ ಹಾಡುಗಳಿವೆ. ಪಕ್ಕದ ಮನೆಯ ಮಾಲತಿ ಕಾಕು ಒಂದರ ಮೇಲೊಂದು ಮೂರು ಹಾಡಿದರು, ಉಳಿದವರು ಚಪ್ಪಾಳೆ ತಟ್ಟಿದರು. ಅಜ್ಜಿಗೆ ಅದನ್ನು ಸಹಿಸಲಾಗಲಿಲ್ಲ.

"ನಮ್ಮದೂ ಒಂದು ಶೋಭಾನೆ ಆಗಬೇಡವಾ? ಮೂಕರ ಹಾಗೆ ಕೂತಿದ್ದೇವಲ್ಲ."

"ನೀವೇ ಹೇಳಿ ಅತ್ತೆ," ಎಂದಳು ಅಮ್ಮ.

"ನನ್ನ ಹಲ್ಲಿನ ಜೊತೆ ಹಾಡೂ ಹೋಯಿತು. ನೀನು ಹೇಳು."

"ನನಗೆ ಹಲ್ಲಿದೆ, ಹಾಡಿಲ್ಲ."

ಎಲ್ಲರೂ ನಕ್ಕರು. ಆಗ ಚಿಕ್ಕಮ್ಮ ನನ್ನ ಕಡೆ ನೋಡಿ ಹೇಳಿದಳು.

"ಶಶಿ, ನಿನ್ನ ಜೋಗುಳ ಹೇಳು."

ಈ ಒಂದು ಮಾತನ್ನು ನಾನು ಮತ್ತೆ ಮತ್ತೆ ಪರೀಕ್ಷಿಸಿ ನೋಡಿದ್ದೇನೆ. ಮುಂದಿನ ವರ್ಷಗಳಲ್ಲಿ ಮನೆಯವರ ನೆನಪಿನಲ್ಲಿ, ಹುಡುಗಿ ಯಾರೂ ಕೇಳದೆ ತಾನಾಗಿ ಎದ್ದು ಹಾಡಿತು ಎಂದೇ ಉಳಿಯಿತು. ಹಾಗಲ್ಲ. ಚಿಕ್ಕಮ್ಮ ಕೇಳಿದಳು, ನಾನು ಹಾಡಿದೆ. ಚೆನ್ನಾಗಿಯೇ ಹಾಡಿದೆ. ಎರಡನೇ ಚರಣಕ್ಕೆ ತಡವಾಗಿ ಬಂದೆ, ಆ ಉಸಿರನ್ನೂ ತೆಗೆದುಕೊಂಡೆ. ಚಿಕ್ಕಮ್ಮ ಅಳುತ್ತಿದ್ದಳು. ಅಮ್ಮನಿಲ್ಲದ ಹುಡುಗಿ, ಅಳು ಬರುವುದೇ ಎಂದು ಯಾರೋ ಮರಾಠಿಯಲ್ಲಿ ಹೇಳಿದರು. ಅಷ್ಟರಲ್ಲಿ ಅಡುಗೆಮನೆಯಿಂದ ಆರತಿ ತಟ್ಟೆ ಹಿಡಿದು ಬಂದ ದೊಡ್ಡಮ್ಮ ಬಾಗಿಲಲ್ಲೇ ನಿಂತರು. ನಾನು ಕೊನೆಯ ಪಲ್ಲವಿಯ ಎರಡನೇ ಸಾಲಿನ ನಡುವೆ, ಯಾವಾಗಲೂ ನಿಲ್ಲಿಸುವಲ್ಲಿ, ನಿಲ್ಲಿಸಿದೆ.

"ಈ ಹಾಡು ಎಲ್ಲಿ ಕಲಿತದ್ದು ನೀನು?" ದೊಡ್ಡಮ್ಮ ಕೇಳಿದರು.

"ಕ್ಯಾಸೆಟ್ಟಿನಲ್ಲಿ."

"ಸಿನಿಮಾ ನೋಡಿದ್ದೀಯಾ?"

"ಇಲ್ಲ."

"ಇಲ್ಲಿ ಯಾರೂ ನೋಡಿಲ್ಲವಾ?"

ದೊಡ್ಡಮ್ಮ ಅಜ್ಜಿಯನ್ನು ಒಳಗೆ ಕರೆದುಕೊಂಡು ಹೋಗಿ ಹೇಳಿದರು. ನಮ್ಮ ಮನೆಯಲ್ಲಿ ಒಳಗೆ ಹೇಳಿದ್ದು ಹೊರಗೆ ಕೇಳದಿರುವಂತಿರಲಿಲ್ಲ. ಸಿನಿಮಾದಲ್ಲಿ ಆ ತಾಯಿಯ ಮಗು ಸತ್ತಿರುತ್ತದೆ. ಹೊತ್ತುಕೊಂಡು ಹೋಗಲು ಬಂದವರು ಅಂಗಳದಲ್ಲಿ ಕಾಯುತ್ತಿರುತ್ತಾರೆ. ಅವಳು ತೊಟ್ಟಿಲು ಬಿಡದೆ ಹಾಡುತ್ತಾಳೆ. ಊರಲ್ಲಿ ಇದು ಮಕ್ಕಳಿಗೂ ಗೊತ್ತು, ಆ ಹಾಡು ರೇಡಿಯೋದಲ್ಲಿ ಬಂದರೆ ಬಸುರಿಯರಿರುವ ಮನೆಯಲ್ಲಿ ಆರಿಸುತ್ತಾರೆ ಎಂದರು ದೊಡ್ಡಮ್ಮ. ಅಜ್ಜಿ ಹೊರಗೆ ಬಂದು ಉಪ್ಪು ಮೆಣಸು ನಿವಾಳಿಸಿ ಚಿಕ್ಕಮ್ಮನ ದೃಷ್ಟಿ ತೆಗೆದಳು. ನನ್ನ ಮುಖ ನೋಡಲಿಲ್ಲ. ಆರತಿ ಆಯಿತು, ಊಟವೂ ಆಯಿತು. ಬಡಿಸಿದ ಸಿಹಿಯನ್ನು ಮರಾಠಿ ಹೆಂಗಸರು ಹೊಗಳಿದರು. ಅವರಿಗೆ ಏನೂ ತಿಳಿದಿರಲಿಲ್ಲ.

ಮಂಗಳವಾರ ಚಿಕ್ಕಮ್ಮನನ್ನು ಆಸ್ಪತ್ರೆಗೆ ಸೇರಿಸಿದರು. ಮಗು ಹೊಟ್ಟೆಯಲ್ಲೇ ಹೋಗಿತ್ತು. ಹೆಣ್ಣು.

ಅಜ್ಜಿ ನನ್ನನ್ನು ಹೊಡೆಯಲಿಲ್ಲ. ಮೋರಿಯ ಕಟ್ಟೆಯ ಮೇಲೆ ಕೂತು ಕ್ಯಾಸೆಟ್ಟಿನ ಪಟ್ಟಿಯನ್ನೆಲ್ಲ ಎಳೆದೆಳೆದು ತೆಗೆದು, ಮುದ್ದೆ ಮಾಡಿ, ಚಾಳಿನ ಹಿಂದಿನ ಗಟಾರಕ್ಕೆ ಎಸೆದು ಬಂದಳು. "ಹಾಡಿದ ಬಾಯಿ ಸುಮ್ಮನೆ ಬಿಡುವುದಿಲ್ಲ," ಎಂದಳು, ಯಾರಿಗೂ ಅಲ್ಲ ಎಂಬಂತೆ. ನಾನು ಅಮ್ಮನ ಕಡೆ ನೋಡಿದೆ. ಅಮ್ಮ ಅಕ್ಕಿ ಆರಿಸುತ್ತಿದ್ದಳು. ಅವಳು ಏನಾದರೂ ಹೇಳುತ್ತಾಳೆಂದು ನಾನು ಕಾದೆ. ಅಕ್ಕಿಯಲ್ಲಿ ಕಲ್ಲು ಸಿಕ್ಕಿತು, ತೆಗೆದು ಪಕ್ಕಕ್ಕಿಟ್ಟಳು, ಮತ್ತೆ ಆರಿಸಿದಳು.

ಅಲ್ಲಿಂದ ನಾನು ಬೇರೆ ಹುಡುಗಿಯಾದೆ. ಯಾರೂ ಬೈಯಲಿಲ್ಲ, ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಮದುವೆ, ನಾಮಕರಣ, ಗಣಪತಿ, ಎಲ್ಲಿ ಹೋದರೂ ನೆಂಟರು ಹಾಡು ಹೇಳಿ ಎಂದಾಗ ಅಜ್ಜಿ ನನ್ನ ಭುಜ ಹಿಡಿದು ಹಿಂದೆ ಎಳೆದುಕೊಳ್ಳುತ್ತಿದ್ದಳು. ಎರಡು ವರ್ಷದ ಮೇಲೆ ಚಿಕ್ಕಮ್ಮನಿಗೆ ಗಂಡುಮಗು ಹುಟ್ಟಿತು, ಪ್ರಶಾಂತ. ಅವನನ್ನು ತೊಟ್ಟಿಲಿಗೆ ಹಾಕುವ ದಿನ ನನ್ನನ್ನು ಮಾಲತಿ ಕಾಕುವಿನ ಮನೆಯಲ್ಲಿ ಕೂರಿಸಿದ್ದರು. ಅವರ ಮನೆಯ ಗೋಡೆಗೆ ಆತುಕೊಂಡು ನಮ್ಮ ಮನೆಯ ಸದ್ದು ಕೇಳಿಸಿಕೊಂಡೆ. ಕಾಕು ನನಗೊಂದು ತಟ್ಟೆಯಲ್ಲಿ ಪೋಹೆ ಕೊಟ್ಟು, ಜ್ವರವಾ ಎಂದು ಹಣೆ ಮುಟ್ಟಿ ನೋಡಿದರು. ಆ ವಯಸ್ಸಿನಲ್ಲಿ ನಾನು ನಂಬಿದ್ದೆ, ಪೂರ್ತಿಯಾಗಿ ನಂಬಿದ್ದೆ, ನಾನು ಒಂದು ಮಗುವನ್ನು ಕೊಂದಿದ್ದೇನೆ ಎಂದು. ಓದಿ, ಕಲ್ಯಾಣದ ಒಂದು ಪ್ರಯೋಗಾಲಯದಲ್ಲಿ ಸ್ಲೈಡುಗಳನ್ನು ನೋಡುವ ಕೆಲಸಕ್ಕೆ ಸೇರಿದ ಮೇಲೆ ಅದು ಸಾಧ್ಯವಿಲ್ಲವೆಂದು ತಿಳಿಯಿತು. ತಿಳಿದದ್ದು ತಲೆಗೆ ಮಾತ್ರ. ನಾನು ಕಂಡದ್ದನ್ನಷ್ಟೇ ಬರೆಯುತ್ತೇನೆ, ಒಂದೇ ಸ್ಲೈಡನ್ನು ಮೂರು ಸಲ ನೋಡುತ್ತೇನೆ. ಎಲ್ಲಿಂದ ಬಂದದ್ದು, ಇದರ ಮೊದಲೇನು, ಕೊನೆಯೇನು ಎಂದು ಕೇಳದೆ ಯಾವುದನ್ನೂ ಬಾಯಿಗೆ ತಂದುಕೊಳ್ಳುವುದಿಲ್ಲ. ಜೊತೆಯವರು ಇದನ್ನು ಶಿಸ್ತು ಎನ್ನುತ್ತಾರೆ. ನಾನು ಬಸುರಿಯಾದಾಗ ಬಯಕೆ ಬೇಡವೆಂದೆ. ಅತ್ತೆಗೆ ಬೇಸರವಾಯಿತು. ಕಾರಣ ಹೇಳಲಿಲ್ಲ.

ಕೆಲವು ವರ್ಷಗಳ ಹಿಂದೆ, ಸಂಜೆಯ ಲೋಕಲ್ಲಿನಲ್ಲಿ ಮುಂಬ್ರಾ ದಾಟುತ್ತಿದ್ದಾಗ, ಯಾರೋ ಕಳಿಸಿದ ಹಳೆಯ ಹಾಡುಗಳ ಪಟ್ಟಿಯಲ್ಲಿ ಅದು ಸಿಕ್ಕಿತು. ಮೊಬೈಲಿನಲ್ಲಿ, ಚಿತ್ರದ ಸಮೇತ. ನಿಂತುಕೊಂಡೇ ನೋಡಿದೆ. ದೊಡ್ಡಮ್ಮ ಹೇಳಿದ ಅಂಗಳ ಇತ್ತು, ಕಾಯುವ ಗಂಡಸರಿದ್ದರು. ಕ್ಯಾಸೆಟ್ ನಿಲ್ಲುತ್ತಿದ್ದ ಜಾಗ ದಾಟಿದ ಮೇಲೆ ಏನಿದೆಯೆಂದು ಮೊದಲ ಸಲ ಕೇಳಿದೆ. ಅವಳು ಸಾಲು ಮುಗಿಸುವುದಿಲ್ಲ. ಸ್ವರ ಹಾಗೇ ಏರಿ ಅಳುವಾಗುತ್ತದೆ, ತೊಟ್ಟಿಲ ಸದ್ದು ನಿಲ್ಲುತ್ತದೆ, ಕೊಳಲು ಮರಳಿ ಬರುವುದೇ ಇಲ್ಲ. ಒಂದು ಹಾಡಾಗಿ ಅದರಂಥದ್ದನ್ನು ನಾನು ಇನ್ನೊಂದು ಕೇಳಿಲ್ಲ. ಇಡೀ ಹಾಡಿನಲ್ಲಿ ಅವಳು ದುಃಖದ ಒಂದು ಪದವನ್ನೂ ಹೇಳುವುದಿಲ್ಲ. ಮಾಡಬೇಕಾದ ಕೆಲಸಗಳನ್ನಷ್ಟೇ ಹೇಳುತ್ತಾಳೆ. ಹತ್ತು ವರ್ಷದ ಹುಡುಗಿಗೆ ಅದು ಸಂತೋಷದ ಹಾಡಾಗಿ ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೂ ಕಲ್ಯಾಣದಲ್ಲಿ ಇಳಿದ ಮೇಲೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಬಹಳ ಹೊತ್ತು ಕೂರಬೇಕಾಯಿತು.

ಅಜ್ಜಿ, ಅಪ್ಪ, ಅಮ್ಮ, ಚಿಕ್ಕಪ್ಪ ಒಬ್ಬೊಬ್ಬರಾಗಿ ಹೋದರು. ಚಿಕ್ಕಮ್ಮ ಈಗ ಮಗ ಪ್ರಶಾಂತ ಮತ್ತು ಸೊಸೆ ನೇಹಾ ಜೊತೆ ಕಾಮೋಠೆಯಲ್ಲಿದ್ದಾಳೆ. ತಿಂಗಳಿಗೊಂದು ಭಾನುವಾರ ನಾನು ಥಾಣೆಯಲ್ಲಿ ಗಾಡಿ ಬದಲಿಸಿ ಅಲ್ಲಿಗೆ ಹೋಗುತ್ತೇನೆ. ನೇಹಾಳಿಗೆ ಮದುವೆಯಾಗಿ ಎಂಟು ವರ್ಷದ ಮೇಲೆ ಗರ್ಭ ನಿಂತಿತ್ತು; ಆರು ತಿಂಗಳು ದಾಟಿತ್ತು. ಹೋದ ತಿಂಗಳು ನಾನು ಹೋದಾಗ ಅವಳು ಅಡುಗೆಮನೆಯಲ್ಲಿ ಚಹಾ ಇಟ್ಟಿದ್ದಳು. ಮಗು ಇವತ್ತು ಅಲುಗಾಡಿತಾ ಎಂದು ಚಿಕ್ಕಮ್ಮ ಸೋಫಾದಿಂದಲೇ ಹಿಂದಿಯಲ್ಲಿ ಕೇಳಿದಳು.

"ನೇಹಾ, ಆಜ್ ಹಿಲಾ ಕ್ಯಾ?"

"ಹಿಲಾ ಮಮ್ಮಿ. ಸುಬಹ್ ಸೇ ಚಾರ್ ಬಾರ್ ಪೂಛಾ ಆಪ್ನೇ."

ಬೆಳಿಗ್ಗೆಯಿಂದ ನಾಲ್ಕು ಸಲ ಕೇಳಿದ್ದಕ್ಕೆ ನೇಹಾ ನನ್ನ ಕಡೆ ನೋಡಿ ಕಣ್ಣು ಮೇಲೆ ಮಾಡಿದಳು. ಈ ಅತ್ತೆಯರೆಲ್ಲ ಹೀಗೇ ಎಂಬಂತೆ. ನಾನೂ ನಕ್ಕೆ. ಚಿಕ್ಕಮ್ಮ ನಗಲಿಲ್ಲ. ತುಳುವಿನಲ್ಲಿ, ನನಗೆ ಮಾತ್ರ ತಿಳಿಯುವಂತೆ, ಬಯಕೆಯ ದಿನ ಗೊತ್ತಾಗಿದೆ, ನೀನು ಬರಬೇಕು ಎಂದಳು.

"ನಾನು ಬೇಡ ಚಿಕ್ಕಮ್ಮ. ಆಮೇಲೆ ಯಾವತ್ತಾದರೂ ಬಂದು ನೋಡುತ್ತೇನೆ."

"ನೀನೇ ಎದುರು ಕೂರಬೇಕು. ಹಾಡಬೇಕು."

"ಚಿಕ್ಕಮ್ಮ, ಬೇಡ."

ಅವಳು ಕೈಯಲ್ಲಿದ್ದ ಕನ್ನಡಕವನ್ನು ಮಡಚಿದಳು, ಬಿಡಿಸಿದಳು.

"ಶುಕ್ರವಾರ ಬೆಳಿಗ್ಗೆಯೇ ಅದು ಅಲುಗಾಡುವುದು ನಿಂತಿತ್ತು ಶಶಿ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಯಾವ ಶುಕ್ರವಾರ ಎಂದು ಕೇಳಿದೆ. ತನ್ನ ಬಯಕೆಯ ಹಿಂದಿನ ಶುಕ್ರವಾರ ಎಂದಳು. ಅವಳು ನಿಧಾನವಾಗಿ ಹೇಳಿದಳು. ಬೆಳಿಗ್ಗೆ ನೀರು ತುಂಬುವಾಗ ಗೊತ್ತಾಯಿತಂತೆ. ಎಡಕ್ಕೆ ಮಲಗಿ ನೋಡಿದಳು, ಬೆಲ್ಲದ ನೀರು ಕುಡಿದು ನೋಡಿದಳು. ಆ ಹೊತ್ತಿಗೆ ದೊಡ್ಡಮ್ಮ ಬಸ್ಸು ಹತ್ತಿಯಾಗಿತ್ತು. ಅಮ್ಮ ಒಲೆಯ ಮುಂದೆ ಹಿಟ್ಟು ಹುರಿಯುತ್ತಿದ್ದಳು.

"ಹೇಳಿದರೆ ಎಲ್ಲ ನಿಲ್ಲುತ್ತಿತ್ತು. ನಾಳೆ ಅಲುಗಾಡುತ್ತದೆ ಅಂದುಕೊಂಡೆ. ಮತ್ತೆ, ಆ ಹಸಿರು ಸೀರೆ ನನಗೆ ಒಮ್ಮೆ ಉಡಬೇಕಿತ್ತು. ಭಾನುವಾರದ ಹೊತ್ತಿಗೆ ನನಗೆ ಗೊತ್ತಾಗಿತ್ತು."

"ಮತ್ತೆ ಹಾಡು?"

"ಆ ಸಿನಿಮಾ ನಾನು ನೋಡಿದ್ದೆ. ಹೊಲಿಗೆ ಕ್ಲಾಸಿಗೆ ಹೋಗುತ್ತೇನೆಂದು ಸುಳ್ಳು ಹೇಳಿ, ಗೆಳತಿಯರ ಜೊತೆ. ನಿನಗೆ ಹಾಡು ಅಷ್ಟು ಇಷ್ಟ ಅಂತ ಅದರ ಕಥೆ ಹೇಳಿರಲಿಲ್ಲ. ಅವತ್ತು ನನಗೆ ಅಳಬೇಕಿತ್ತು. ಹಾಡು ಕೇಳಿ ಅತ್ತರೆ ಯಾರೂ ಏನೂ ಕೇಳುವುದಿಲ್ಲ. ಅದಕ್ಕೇ ಹೇಳು ಅಂದೆ."

ಅಡುಗೆಮನೆಯಲ್ಲಿ ಕಪ್ಪುಗಳ ಸದ್ದಾಗುತ್ತಿತ್ತು. ಚಿಕ್ಕಮ್ಮ ನೆಲ ನೋಡುತ್ತಾ ಮುಂದುವರಿಸಿದಳು.

"ಆಮೇಲೆ ಅವರು ನಿನ್ನನ್ನು ಹಿಡಿದುಕೊಂಡರು. ನಾನು ತಡೆಯದೆ ಬಿಟ್ಟೆ. ನಾಲ್ಕು ದಿನ ಹೇಳದೆ ಕೂತವಳು ಅಂತ ಗೊತ್ತಾಗಿದ್ದರೆ ನಿನ್ನ ಅಜ್ಜಿ ನನ್ನನ್ನು ದೊಡ್ಡಮ್ಮನ ಜೊತೆ ಕಳಿಸಿಬಿಡುತ್ತಿದ್ದಳು, ಮತ್ತೆ ಕರೆಸುತ್ತಿರಲಿಲ್ಲ."

"ಯಾರಿಗೂ ಹೇಳಲಿಲ್ಲವಾ?"

"ನಿನ್ನ ಅಮ್ಮನಿಗೆ. ಆಸ್ಪತ್ರೆಯಲ್ಲೇ. ಅಕ್ಕ ಹೇಳಿದಳು, ಬಾಯಿ ಬಿಡಬೇಡ ಸುಜಾ, ಅವಳು ಚಿಕ್ಕವಳು, ಮರೆಯುತ್ತಾಳೆ."

ಅಮ್ಮ ಅಕ್ಕಿ ಆರಿಸುತ್ತಾ ಕೂತಿದ್ದನ್ನು ನಲವತ್ತು ವರ್ಷ ನಾನು ನನ್ನ ಮೇಲಿನ ಸಿಟ್ಟು ಎಂದು ಓದಿಕೊಂಡಿದ್ದೆ. ಅವಳು ಒಬ್ಬಳನ್ನು ಕಾಯುತ್ತಿದ್ದಳು. ಇಬ್ಬರಲ್ಲಿ ಒಬ್ಬಳನ್ನೇ ಕಾಯಬಹುದಿತ್ತು, ಮತ್ತು ಅವಳು ಆರಿಸಿದ್ದು ನನ್ನನ್ನಲ್ಲ. ಆ ಆಯ್ಕೆ ಸರಿಯಾಗಿತ್ತೋ ಎಂದು ಕೇಳಲು ಈಗ ಅಮ್ಮ ಇಲ್ಲ. ನನಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಹಾಡಿದ್ದಕ್ಕಾಗಿ ಅನುಭವಿಸಿದೆ ಎಂದುಕೊಂಡಿದ್ದೆ. ಒಬ್ಬಳ ಮರೆಯಾಗಿ ನಿಲ್ಲಲು ನನ್ನನ್ನು ಬಳಸಿಕೊಂಡಿದ್ದರು. ಚಿಕ್ಕಮ್ಮ ನನ್ನ ಮಂಡಿಯ ಮೇಲೆ ಕೈಯಿಟ್ಟಳು. ತೆಗೆಯಬೇಕೆನಿಸಿತು. ತೆಗೆಯಲಿಲ್ಲ.

ನೇಹಾ ಟ್ರೇ ತಂದಿಟ್ಟಳು. ಇಬ್ಬರ ಮುಖ ನೋಡಿ, ಕ್ಯಾ ಹುವಾ ಎಂದಳು.

"ಅವಳಿಗೆ ಹೇಳು ಚಿಕ್ಕಮ್ಮ," ಎಂದೆ.

"ಬಸುರಿಗೆ ಇಂಥದ್ದು ಹೇಳುವುದಾ?"

"ಬಸುರಿಗೇ ಹೇಳಬೇಕು. ಕಾರ್ಯಕ್ರಮವಿರಲಿ, ನೆಂಟರಿರಲಿ, ಅಲುಗಾಡದಿದ್ದರೆ ಮುಚ್ಚಿಡಬಾರದು ಅಂತ. ನೀನು ಹೇಳಿದರೆ ಬರುತ್ತೇನೆ. ಇಲ್ಲದಿದ್ದರೆ ಇಲ್ಲ."

ನನ್ನ ದನಿ ನನಗೇ ಗಡುಸಾಗಿ ಕೇಳಿತು. ಚಿಕ್ಕಮ್ಮ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ನೇಹಾಳಿಗೆ ತುಳು ಬಾರದು, ಕನ್ನಡವೂ ಅಷ್ಟಕ್ಕಷ್ಟೇ. ಚಿಕ್ಕಮ್ಮನ ಹಿಂದಿ ಚಾಳಿನ ನಲ್ಲಿಯ ಮುಂದೆ ಕಲಿತದ್ದು. ಆ ಹಿಂದಿಯಲ್ಲಿ, ಪದ ಸಿಗದಾಗ ನನ್ನ ಕಡೆ ನೋಡಿ, ನಾನು ಪದ ಕೊಟ್ಟ ಮೇಲೆ ಮುಂದುವರಿದು, ಅವಳು ಶುಕ್ರವಾರದಿಂದ ಮಂಗಳವಾರದವರೆಗೆ ಹೇಳಿದಳು. ಏನನ್ನೂ ಬಿಡಲಿಲ್ಲ. ಬೆಲ್ಲದ ನೀರನ್ನು ಬಿಡಲಿಲ್ಲ, ಹಸಿರು ಸೀರೆಯ ಆಸೆಯನ್ನು ಬಿಡಲಿಲ್ಲ. ನೇಹಾಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಹಾಡಿನ ಮಾತು ಬಂದಾಗ ಚಿಕ್ಕಮ್ಮ ನನ್ನ ಕಡೆ ಬೆರಳು ತೋರಿಸಿದಳು.

"ಸಬ್ ಲೋಗ್ ಬೋಲಾ, ಇಸ್ಕೇ ಗಾನೇ ಸೇ ಹುವಾ. ಇಸ್ಕಾ ಕುಛ್ ಗಲ್ತೀ ನಹೀ ಥಾ."

ಎಲ್ಲರೂ ಇವಳ ಹಾಡಿನಿಂದಾಯಿತು ಎಂದರು, ಇವಳದೇನೂ ತಪ್ಪಿರಲಿಲ್ಲ: ಈ ಮಾತನ್ನು ತುಳುವಿನಲ್ಲಿ ಕೇಳಬೇಕೆಂದು ಕಾದು ದೊಡ್ಡವಳಾದವಳು ನಾನು. ಕೇಳಬೇಕಾದವರು ಯಾರೂ ಆ ಕೋಣೆಯಲ್ಲಿರಲಿಲ್ಲ. ಇದ್ದವಳು ನೇಹಾ ಒಬ್ಬಳೇ. ಅವಳು ಚಿಕ್ಕಮ್ಮನನ್ನೂ ನನ್ನನ್ನೂ ಒಂದೊಂದು ಸಲ ನೋಡಿದಳು. ಉಳಿದದ್ದೆಲ್ಲ ಅವಳಿಗೆ ತಿಳಿದಿತ್ತು, ಹಾಡಿನಿಂದ ಹೇಗಾಗುತ್ತದೆ ಎಂಬುದೊಂದು ಮಾತ್ರ ತಿಳಿದಿರಲಿಲ್ಲ.

"ಗಾನೇ ಸೇ?" ಎಂದಳು. "ಗಾನೇ ಸೇ ಕೈಸೇ ಹೋಗಾ ದೀದಿ?"